ಪಕ್ಕದ ಮನೆಯವರ ಬಾಯಲ್ಲಿ ನಮ್ಮ ಮಾತು: ತಾಹಿತಿ ವಿಶ್ವಸಂಸ್ಥೆಯ ಪಟ್ಟಿಗೆ ಮರಳಿದ ಕಥೆ

2013ರ ಮೇ 17ರಂದು ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಂದು ಪುಟ್ಟ ನಿರ್ಣಯ ಪಾಸು ಮಾಡಿತು. ಮತ ಎಣಿಸುವ ಪ್ರಮೇಯವೇ ಬರಲಿಲ್ಲ. ಯಾರೂ ಮತ ಕೇಳಲಿಲ್ಲ, ಹಾಗಾಗಿ ಒಮ್ಮತ ಅಂತಲೇ ಲೆಕ್ಕ. ಫ್ರಾನ್ಸ್‌ನವರು ಆ ಸಭೆಗೇ ಬರಲಿಲ್ಲ. ನಿರ್ಣಯದ ಸಂಖ್ಯೆ 67/265. ಅದರ ಸಾರ ಇಷ್ಟೇ: ಫ್ರೆಂಚ್ ಪಾಲಿನೇಷ್ಯಾ ಇನ್ನೂ ಸ್ವಯಂ ಆಡಳಿತವಿಲ್ಲದ ಪ್ರದೇಶ, ಅಂದರೆ ವಿಶ್ವಸಂಸ್ಥೆ ಇಟ್ಟಿರುವ ವಸಾಹತುಗಳ ಪಟ್ಟಿಗೆ ಅದು ಮತ್ತೆ ಸೇರುತ್ತದೆ. ಅಲ್ಲಿನ ಜನರಿಗೆ ತಮ್ಮ ಮುಂದಿನ ದಾರಿಯನ್ನು ತಾವೇ ಆರಿಸಿಕೊಳ್ಳುವ ಹಕ್ಕಿದೆ.

ಅದೇ ದಿನ, ಪೆಸಿಫಿಕ್ ಸಾಗರದ ನಟ್ಟನಡುವೆ ಇರುವ ಫ್ರೆಂಚ್ ಪಾಲಿನೇಷ್ಯಾದ ಮುಖ್ಯ ದ್ವೀಪ ತಾಹಿತಿಯಲ್ಲಿ, ಅದರ ರಾಜಧಾನಿ ಪಪೀಟೆಯಲ್ಲಿ, ಗ್ಯಾಸ್ಟನ್ ಫ್ಲೋಸ್ ಅಲ್ಲಿನ ಸರ್ಕಾರದ ಅಧ್ಯಕ್ಷರಾಗಿ ಆಯ್ಕೆಯಾದರು. ಅವರು ಈ ನಿರ್ಣಯದ ಕಡು ವಿರೋಧಿ. ಹಿಂದಿನ ದಿನವಷ್ಟೇ ಅಲ್ಲಿನ ಶಾಸನಸಭೆ ‘ನಮ್ಮನ್ನು ಆ ಪಟ್ಟಿಗೆ ಸೇರಿಸಬೇಡಿ’ ಎಂದು 46ಕ್ಕೆ 10 ಮತಗಳಿಂದ ಹೇಳಿತ್ತು.

ಅಂದರೆ ‘ಇವರಿಗೆ ಹಕ್ಕಿದೆ’ ಅಂತ ಜಗತ್ತು ಹೇಳುವ ಹೊತ್ತಿಗೆ ಅವರೇ ಆರಿಸಿದ ಸಭೆ ‘ನಮಗೆ ಬೇಡ’ ಅಂದಾಗಿತ್ತು. ವಿಚಿತ್ರ ಅಲ್ವಾ? ಇದು ಹೇಗಾಯಿತು ಅಂತ ಗೊತ್ತಾದರೆ, ವಸಾಹತಿನ ಜನ ಹೊರದೇಶಗಳ ಬೆಂಬಲಕ್ಕಾಗಿ ಯಾಕೆ ಅಲೆಯುತ್ತಾರೆ, ಅದರಲ್ಲಿ ಸಿಗುವುದೇನು, ಸಿಗದೇ ಉಳಿಯುವುದೇನು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಜಾಗದ ಪರಿಚಯ. ಫ್ರೆಂಚ್ ಪಾಲಿನೇಷ್ಯಾ ಅಂದರೆ ಐದು ಗುಂಪುಗಳಲ್ಲಿ ಚದುರಿದ 118 ದ್ವೀಪಗಳು. ಅದರ ಪಾಲಿನ ಸಮುದ್ರವೇ ಸುಮಾರು 50 ಲಕ್ಷ ಚದರ ಕಿಲೋಮೀಟರ್. ನಮ್ಮ ಇಡೀ ಭಾರತದ ನೆಲ ಸುಮಾರು 33 ಲಕ್ಷ. ಜನ ಮಾತ್ರ ಮೂರು ಲಕ್ಷಕ್ಕಿಂತ ಕಡಿಮೆ, ನಮ್ಮ ಒಂದು ತಾಲೂಕಿನಷ್ಟು. 1842ರಲ್ಲಿ ಫ್ರಾನ್ಸ್ ತಾಹಿತಿಗೆ ‘ರಕ್ಷಣೆ’ ಕೊಡಲು ಬಂತು. 1880ರಲ್ಲಿ ತಾಹಿತಿಯನ್ನೇ ತನ್ನದು ಮಾಡಿಕೊಂಡಿತು. ಈ ‘ರಕ್ಷಣೆ’ಯ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಪಟ್ಟಿಯ ಕಥೆ

ವಿಶ್ವಸಂಸ್ಥೆ ಹುಟ್ಟಿದಾಗ ಅದರ ಸನ್ನದಿನಲ್ಲಿ ವಸಾಹತುಗಳಿಗಾಗಿಯೇ 11ನೇ ಅಧ್ಯಾಯ ಬರೆದರು. ಅದರ 73ನೇ ವಿಧಿಯ ಪ್ರಕಾರ, ಸ್ವಯಂ ಆಡಳಿತವಿಲ್ಲದ ಪ್ರದೇಶಗಳನ್ನು ಆಳುವ ದೇಶ ಅಲ್ಲಿನ ಜನರ ಹಿತ ನೋಡಬೇಕು. ಅವರು ತಮ್ಮನ್ನು ತಾವೇ ಆಳಿಕೊಳ್ಳುವ ಹಾಗೆ ಬೆಳೆಸಬೇಕು. ಅಲ್ಲಿನ ಆರ್ಥಿಕ, ಸಾಮಾಜಿಕ, ಶಿಕ್ಷಣದ ಸ್ಥಿತಿಗತಿ ಬಗ್ಗೆ ಆಗಾಗ ವಿಶ್ವಸಂಸ್ಥೆಗೆ ಮಾಹಿತಿ ಕೊಡುತ್ತಿರಬೇಕು. ಕಾಗದದ ಮೇಲೆ ಇದು ಸಣ್ಣ ವಿಷಯ. ಆದರೆ ‘ನನ್ನ ಮನೆ, ನನ್ನಿಷ್ಟ’ ಅನ್ನುತ್ತಿದ್ದ ಸಾಮ್ರಾಜ್ಯಗಳು ತಮ್ಮ ಸ್ವಂತ ವಸಾಹತುಗಳ ಬಗ್ಗೆ ಹೊರಗಿನವರಿಗೆ ಲೆಕ್ಕ ಒಪ್ಪಿಸಬೇಕಾಗಿ ಬಂದದ್ದು ಇಲ್ಲಿಂದ.

1946ರಲ್ಲಿ ಎಂಟು ದೇಶಗಳು ತಮ್ಮ ಕೈಕೆಳಗಿನ 70ಕ್ಕೂ ಹೆಚ್ಚು ಪ್ರದೇಶಗಳ ಹೆಸರು ಕೊಟ್ಟವು. ಫ್ರಾನ್ಸ್ ಕೊಟ್ಟ ಹೆಸರುಗಳಲ್ಲಿ ತಾಹಿತಿ ಮತ್ತು ಸುತ್ತಲಿನ ದ್ವೀಪಗಳೂ ಇದ್ದವು. ಮರುವರ್ಷ ಫ್ರಾನ್ಸ್ ಸುಮ್ನೆ ಮಾಹಿತಿ ಕೊಡುವುದನ್ನು ನಿಲ್ಲಿಸಿತು. ಹೊಸ ಸಂವಿಧಾನ ಬಂದಿದೆ, ಇವೆಲ್ಲ ಈಗ ಫ್ರಾನ್ಸ್‌ನ ಭಾಗವೇ ಅನ್ನುವುದು ಅದರ ವಾದ. ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಇದಕ್ಕೆ ಒಪ್ಪಿಗೆ ಇದೆಯಾ ಅಂತ ದ್ವೀಪದ ಜನರನ್ನು ಯಾರೂ ಕೇಳಲಿಲ್ಲ. ಯಾವುದು ವಸಾಹತು, ಯಾವುದು ಅಲ್ಲ ಅಂತ ಹೇಳುವ ಕೆಲಸ ಆಗ ಆಳುವವರ ಕೈಯಲ್ಲೇ ಇತ್ತು. ಕಳ್ಳನೇ ಪಂಚನಾಮೆ ಬರೆದ ಹಾಗೆ.

ಇದೇ ಆಟವನ್ನು ಇನ್ನೂ ಜೋರಾಗಿ ಆಡಿದ್ದು ಪೋರ್ಚುಗಲ್. ಅದು ನಮ್ಮ ಪಕ್ಕದ ಕಥೆ. 1951ರಲ್ಲಿ ಪೋರ್ಚುಗಲ್ ತನ್ನ ಸಂವಿಧಾನ ತಿದ್ದಿ ವಸಾಹತುಗಳಿಗೆ ‘ಸಾಗರದಾಚೆಯ ಪ್ರಾಂತ್ಯಗಳು’ ಅಂತ ಹೆಸರಿಟ್ಟಿತು. 1955ರಲ್ಲಿ ವಿಶ್ವಸಂಸ್ಥೆ ಸೇರಿತು. ‘ನಿಮ್ಮ ವಸಾಹತುಗಳ ವಿವರ ಕೊಡಿ’ ಅಂದರೆ ‘ನಮ್ಮಲ್ಲಿ ಅಂಥವು ಇಲ್ಲವೇ ಇಲ್ಲ’ ಅಂದಿತು. ಗೋವಾ ಲಿಸ್ಬನ್‌ನಷ್ಟೇ ಪೋರ್ಚುಗಲ್ ಅಂತೆ! ಕಾರವಾರದ ಕಡಲಲ್ಲೇ ಇರುವ ಅಂಜದೀವ ದ್ವೀಪವೂ ಆ ಲೆಕ್ಕದಲ್ಲಿ ಯುರೋಪಿನ ಒಂದು ತುಂಡು.

1960ರ ಡಿಸೆಂಬರ್‌ನಲ್ಲಿ ಮಹಾಸಭೆ ಈ ಆಟಕ್ಕೆ ತೆರೆ ಎಳೆಯಲು ನೋಡಿತು. ಎರಡು ದಿನಗಳಲ್ಲಿ ಮೂರು ನಿರ್ಣಯಗಳು ಬಂದವು. 1514ನೆಯದು ವಸಾಹತುಶಾಹಿ ಮುಗಿಯಲೇಬೇಕು ಅಂದಿತು. ಪರ 89, ವಿರೋಧ ಸೊನ್ನೆ, ತಟಸ್ಥ 9. ಆ ಒಂಬತ್ತರಲ್ಲಿ ಫ್ರಾನ್ಸೂ ಇತ್ತು. 1541ನೆಯದು, ಒಂದು ಪ್ರದೇಶಕ್ಕೆ ಸ್ವಯಂ ಆಡಳಿತ ಸಿಕ್ಕಿದೆ ಅನ್ನಲು ಮೂರೇ ದಾರಿ ಅಂದಿತು: ಪೂರ್ತಿ ಸ್ವಾತಂತ್ರ್ಯ, ತಾನೇ ಒಪ್ಪಿ ಇನ್ನೊಂದು ದೇಶದ ಜೊತೆ ಮಾಡಿಕೊಂಡ ಸಡಿಲ ಸಂಬಂಧ, ಅಥವಾ ಸಮಾನ ಹಕ್ಕಿನೊಂದಿಗೆ ವಿಲೀನ. ಮೂರರಲ್ಲಿ ಯಾವುದಾದರೂ ಸರಿ, ಆದರೆ ಜನರ ಇಷ್ಟದಿಂದ ಆಗಬೇಕು. 1542ನೆಯದು ಪೋರ್ಚುಗಲ್‌ನ ಪ್ರದೇಶಗಳನ್ನು ಹೆಸರಿಟ್ಟು ಕರೆದು ಪಟ್ಟಿಗೆ ಹಾಕಿತು. ಗೋವಾ ಅದರಲ್ಲಿತ್ತು.

ಮರುವರ್ಷ ಡಿಸೆಂಬರ್‌ನಲ್ಲಿ ಭಾರತದ ಸೇನೆ ಗೋವಾಕ್ಕೆ ಹೋದಾಗ ಭದ್ರತಾ ಮಂಡಳಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಟರ್ಕಿ ನಮ್ಮ ವಿರುದ್ಧ ನಿರ್ಣಯ ತಂದವು. ಸೋವಿಯತ್ ಒಕ್ಕೂಟ ವೀಟೊ ಹಾಕಿತು. ಸಿಲೋನ್, ಲೈಬೀರಿಯಾ, ಈಜಿಪ್ಟ್ ನಮ್ಮ ಪರ ನಿಂತವು. ಅಲ್ಲಿ ಭಾರತದ ಪರ ವಾದಿಸಿದವರು ರಾಯಭಾರಿ ಸಿ.ಎಸ್. ಝಾ. 1962ರಲ್ಲಿ ವಸಾಹತುಗಳ ಮೇಲೆ ಕಣ್ಣಿಡಲು ವಿಶೇಷ ಸಮಿತಿ ಕೆಲಸ ಶುರು ಮಾಡಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಮುಂದೆ ಅದಕ್ಕೆ ‘24ರ ಸಮಿತಿ’ ಅನ್ನುವ ಹೆಸರು ಬಿತ್ತು.

ಗೋವಾದ ಮಾತು ಯಾಕೆ ತಂದೆ ಅಂದರೆ, ಗೋವಾಕ್ಕೆ ಪಕ್ಕದಲ್ಲೇ ಒಂದು ದೊಡ್ಡ ದೇಶ ಇತ್ತು. ಅದಕ್ಕೆ ಸೇನೆ ಇತ್ತು, ವಿಶ್ವಸಂಸ್ಥೆಯಲ್ಲಿ ಕುರ್ಚಿ ಇತ್ತು, ವೀಟೊ ಹಾಕಬಲ್ಲ ಗೆಳೆಯ ಇದ್ದ. ತಾಹಿತಿಯ ಪಕ್ಕದಲ್ಲಿ ಇದ್ದದ್ದು ನೀರು.

ಪೋರ್ಚುಗಲ್‌ಗೆ ಬಿಸಿ ಮುಟ್ಟಿಸಿದ ಮಹಾಸಭೆ ಫ್ರಾನ್ಸ್‌ನ ಪೆಸಿಫಿಕ್ ದ್ವೀಪಗಳನ್ನು ಯಾಕೆ ಬಿಟ್ಟಿತು? ನನಗೆ ಕಾಣುವ ಕಾರಣ ಇದು. ಆ ಒಂದೇ ವರ್ಷ, 1960ರಲ್ಲಿ, ಆಫ್ರಿಕಾದಲ್ಲಿ ಫ್ರಾನ್ಸ್ ಆಳುತ್ತಿದ್ದ 14 ದೇಶಗಳು ಸ್ವತಂತ್ರವಾದವು. ಉಳಿದಿದ್ದ ದೊಡ್ಡ ಜಗಳ ಅಲ್ಜೀರಿಯಾದ್ದು. ಆ ಗದ್ದಲದಲ್ಲಿ ತೆಂಗಿನ ಮರಗಳ ದ್ವೀಪದ ಬಗ್ಗೆ ಕೇಳುವವರು ಯಾರು?

ಬಡಗಿ ಮತ್ತು ಬಾಂಬ್

ಕೇಳುವವನೊಬ್ಬ ಇದ್ದ. ಪೊವನಾ ಅ ಓಪಾ ಬಡಗಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಪರವಾಗಿ ಹೋರಾಡಿ ಬಂದವರು. ಜನ ಅವರನ್ನು ‘ಮೆತುವಾ’ ಅನ್ನುತ್ತಿದ್ದರು, ಅಂದರೆ ತಂದೆ. 1949ರಲ್ಲಿ ಪ್ಯಾರಿಸ್‌ನ ಸಂಸತ್ತಿಗೆ ಆಯ್ಕೆಯಾದರು. ಆಮೇಲೆ ದ್ವೀಪದ ಸರ್ಕಾರದಲ್ಲಿ ಸ್ಥಳೀಯರಿಗೆ ಸಿಗಬಹುದಾಗಿದ್ದ ಅತಿ ದೊಡ್ಡ ಹುದ್ದೆಗೂ ಏರಿದರು.

1958ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ನಾಯಕ ಡಿ ಗಾಲ್ ತಮ್ಮ ಹೊಸ ಸಂವಿಧಾನವನ್ನು ಜನಮತಕ್ಕೆ ಹಾಕಿದರು. ವಸಾಹತುಗಳಿಗೆ ಇದ್ದ ಷರತ್ತು ಸರಳ: ‘ಬೇಡ’ ಅಂದರೆ ನೀವು ಬೇರೆ, ನಿಮ್ಮ ದಾರಿ ನಿಮ್ಮದು. ಪೊವನಾ ‘ಬೇಡ’ ಅನ್ನಿ ಅಂತ ಪ್ರಚಾರ ಮಾಡಿದರು. ಸೋತರು. ಸುಮಾರು 64% ಜನ ಫ್ರಾನ್ಸ್ ಜೊತೆ ಇರುತ್ತೇವೆ ಅಂದರು. ಎರಡು ವಾರದೊಳಗೆ ಪೊಲೀಸರು ಪೊವನಾರನ್ನು ಹಿಡಿದರು. ಪಪೀಟೆ ಊರಿಗೆ ಬೆಂಕಿ ಹಚ್ಚಲು ಸಂಚು ಮಾಡಿದ್ದಾರೆ ಅನ್ನುವ ಆರೋಪ. ಎಂಟು ವರ್ಷ ಜೈಲು, ಹದಿನೈದು ವರ್ಷ ಗಡಿಪಾರು. ಆಗ ಅವರಿಗೆ ಅರವತ್ತು ದಾಟಿತ್ತು. 2018ರಲ್ಲಿ ಫ್ರಾನ್ಸ್‌ನ ನ್ಯಾಯಾಲಯವೇ ಆ ಶಿಕ್ಷೆಯನ್ನು ರದ್ದು ಮಾಡಿತು. ಅಷ್ಟರಲ್ಲಿ ಅವರು ತೀರಿಹೋಗಿ ನಾಲ್ಕು ದಶಕ ಕಳೆದಿತ್ತು.

ಫ್ರಾನ್ಸ್‌ಗೆ ಈ ದ್ವೀಪಗಳು ಅಷ್ಟೊಂದು ಯಾಕೆ ಬೇಕಿತ್ತು ಅನ್ನುವುದು ಕೆಲವೇ ವರ್ಷಗಳಲ್ಲಿ ಬಯಲಾಯಿತು. ಫ್ರಾನ್ಸ್ ಅಣುಬಾಂಬ್ ಪರೀಕ್ಷೆ ಮಾಡುತ್ತಿದ್ದದ್ದು ಅಲ್ಜೀರಿಯಾದ ಮರುಭೂಮಿಯಲ್ಲಿ. ಅಲ್ಜೀರಿಯಾ 1962ರಲ್ಲಿ ಕೈತಪ್ಪಿತು. 1966ರ ಜುಲೈ 2ರಂದು ಮೊರುರೊವಾ ಹವಳದ್ವೀಪದ ಮೇಲೆ ಮೊದಲ ಬಾಂಬ್ ಸಿಡಿಯಿತು. 1996ರ ಜನವರಿವರೆಗೆ ಒಟ್ಟು 193. ಅದರಲ್ಲಿ 46 ಬಯಲಲ್ಲೇ, ಗಾಳಿಗೆ.

1973ರಲ್ಲಿ ಈ ಪರೀಕ್ಷೆಗಳ ವಿರುದ್ಧ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ದೂರು ಹೋಯಿತು. ಹೋದವರು ಯಾರು? ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್. ವಿಕಿರಣದ ಮಳೆ ಬಿದ್ದದ್ದು ಪಾಲಿನೇಷ್ಯಾದವರ ತಲೆಯ ಮೇಲೆ. ಆದರೆ ಆ ನ್ಯಾಯಾಲಯದ ಮೆಟ್ಟಿಲು ಹತ್ತಲು ನೀವು ಒಂದು ದೇಶ ಆಗಿರಬೇಕು. ಅವರು ದೇಶ ಅಲ್ಲ. ಬಯಲಿನ ಪರೀಕ್ಷೆ ಇನ್ನು ಮಾಡುವುದಿಲ್ಲ ಅಂತ ಫ್ರಾನ್ಸ್ ಹೇಳಿದ ಮೇಲೆ 1974ರಲ್ಲಿ ನ್ಯಾಯಾಲಯ ಕೇಸು ಮುಚ್ಚಿತು. ಪರೀಕ್ಷೆ ನೆಲದೊಳಗೆ ಮುಂದುವರಿಯಿತು.

ಹೊರದೇಶಗಳ ಬೆಂಬಲ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಂತಾರಾಷ್ಟ್ರೀಯ ವೇದಿಕೆಗಳಲ್ಲಿ ವಸಾಹತಿಗೆ ಬಾಯಿಲ್ಲ. ನಿರ್ಣಯ ಮಂಡಿಸಲು ಆಗಲ್ಲ, ಮತ ಹಾಕಲು ಆಗಲ್ಲ. ಅದರ ಹೆಸರಲ್ಲಿ ಮಾತಾಡುವ ಅಧಿಕಾರ ಇರುವುದು ಅದು ಯಾರ ಮೇಲೆ ದೂರು ಹೇಳಬೇಕೋ ಅವರಿಗೇ. ಹಾಗಾಗಿ ಕುರ್ಚಿ ಇರುವ ಇನ್ನೊಬ್ಬರನ್ನು ಹುಡುಕಲೇಬೇಕು.

ಮನೆಮನೆ ಬಾಗಿಲು

ಈ ಹುಡುಕಾಟವನ್ನು ಬಿಡದೆ ಮಾಡಿದವರು ಒಸ್ಕಾರ್ ತೆಮಾರು. ಮೊದಲು ಕಸ್ಟಮ್ಸ್ ಇಲಾಖೆಯಲ್ಲಿ ಕೆಲಸಕ್ಕಿದ್ದರು. 1977ರಲ್ಲಿ ಸ್ವಾತಂತ್ರ್ಯ ಬೇಕೆನ್ನುವ ಪಕ್ಷ ಕಟ್ಟಿದರು. ಅದು ಮುಂದೆ ತಾವಿನಿ ಪಕ್ಷವಾಯಿತು. 1983ರಲ್ಲಿ ಅವರು ವಿಮಾನ ನಿಲ್ದಾಣ ಇರುವ ಫಾಆ ಪಟ್ಟಣದ ಮೇಯರ್ ಆದರು.

ಅವರ ಕಣ್ಣ ಮುಂದೆ ಒಂದು ಉದಾಹರಣೆ ಇತ್ತು. ಫ್ರಾನ್ಸ್‌ನದೇ ಇನ್ನೊಂದು ಪೆಸಿಫಿಕ್ ದ್ವೀಪ ನ್ಯೂ ಕ್ಯಾಲಿಡೋನಿಯಾ 1986ರ ಡಿಸೆಂಬರ್‌ನಲ್ಲಿ ಪಟ್ಟಿಗೆ ವಾಪಸ್ ಬಂದಿತ್ತು. ಪರ 89, ವಿರೋಧ 24, ತಟಸ್ಥ 34. ಆಗ ಆ ಭಾಗದ ದೇಶಗಳೆಲ್ಲ ಒಟ್ಟಾಗಿ ನಿಂತಿದ್ದವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕೂಡ. ಸಿಟ್ಟಿಗೆ ಕಾರಣವೂ ಇತ್ತು. ಬಾಂಬ್ ಪರೀಕ್ಷೆ ನಡೆಯುತ್ತಲೇ ಇತ್ತು. ಅದರ ಮೇಲೆ 1985ರಲ್ಲಿ ಫ್ರಾನ್ಸ್‌ನ ಗುಪ್ತಚರರು ನ್ಯೂಜಿಲೆಂಡ್‌ನ ಆಕ್ಲೆಂಡ್ ಬಂದರಿನಲ್ಲೇ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ಹಡಗನ್ನು ಸ್ಫೋಟಿಸಿ ಮುಳುಗಿಸಿದ್ದರು.

ತೆಮಾರು ಅದೇ ದಾರಿ ಹಿಡಿಯುವ ಹೊತ್ತಿಗೆ ಗಾಳಿ ಬದಲಾಗಿತ್ತು. ಪರೀಕ್ಷೆ ನಿಂತು ಹದಿನೈದು ವರ್ಷ ಕಳೆದಿತ್ತು. ಚಂಡಮಾರುತ ಬಂದಾಗ ದ್ವೀಪಗಳಿಗೆ ನೆರವು ಕೊಡಲು ಫ್ರಾನ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ 1992ರಲ್ಲೇ ಒಪ್ಪಂದ ಮಾಡಿಕೊಂಡಿದ್ದವು. ಹಳೆಯ ಜಗಳ ಈಗ ಯಾರಿಗೆ ಬೇಕು? 2011ರ ಆಗಸ್ಟ್‌ನಲ್ಲಿ ತೆಮಾರು ಅಧಿಕಾರದಲ್ಲಿದ್ದಾಗ ಅಲ್ಲಿನ ಶಾಸನಸಭೆ ‘ನಮ್ಮನ್ನು ಪಟ್ಟಿಗೆ ಮತ್ತೆ ಸೇರಿಸಿ’ ಎಂದು ಅಲ್ಪ ಬಹುಮತದಿಂದ ನಿರ್ಣಯ ಮಾಡಿತು. ಮರುತಿಂಗಳು ಪೆಸಿಫಿಕ್ ದ್ವೀಪ ರಾಷ್ಟ್ರಗಳ ವೇದಿಕೆಯ ಮುಂದೆ ಕೇಳಿದರೆ ಬಂದ ಉತ್ತರ: ನಿಮ್ಮ ಹಕ್ಕು ಒಪ್ಪುತ್ತೇವೆ, ಆದರೆ ನೀವೂ ಫ್ರಾನ್ಸೂ ಕೂತು ಮಾತಾಡಿಕೊಳ್ಳಿ. ರಾಜತಾಂತ್ರಿಕರ ಭಾಷೆಯಲ್ಲಿ ಇದಕ್ಕೆ ‘ಇಲ್ಲ’ ಅಂತ ಅರ್ಥ.

ದೊಡ್ಡ ಬಾಗಿಲು ಮುಚ್ಚಿತು ಅಂತ ಅವರು ಸಣ್ಣ ಬಾಗಿಲುಗಳಿಗೆ ಹೋದರು. ಮಹಾಸಭೆಯಲ್ಲಿ ಒಂದು ದೇಶಕ್ಕೆ ಒಂದೇ ಮತ. ಸುಮಾರು ಹತ್ತು ಸಾವಿರ ಜನರಿರುವ ಟುವಾಲುಗೂ ಒಂದು, ನೂರು ಕೋಟಿ ದಾಟಿದ ಭಾರತಕ್ಕೂ ಒಂದು. ಪುಟ್ಟ ದ್ವೀಪಗಳಿಗೆ ಈ ಲೆಕ್ಕದ ಬೆಲೆ ಚೆನ್ನಾಗಿ ಗೊತ್ತು. 2012ರಲ್ಲಿ ಟೆಹರಾನ್‌ನಲ್ಲಿ ಸೇರಿದ ಅಲಿಪ್ತ ದೇಶಗಳ ಶೃಂಗಸಭೆ ಪಾಲಿನೇಷ್ಯಾದ ಜನರ ಹಕ್ಕನ್ನು ಎತ್ತಿ ಹಿಡಿಯಿತು. ಚರ್ಚುಗಳ ಜಾಗತಿಕ ಒಕ್ಕೂಟವೂ ದನಿಗೂಡಿಸಿತು. ತಾಹಿತಿಯಲ್ಲಿ ಪ್ರಾಟೆಸ್ಟಂಟ್ ಚರ್ಚ್ ಅಂದರೆ ಬರೀ ಭಾನುವಾರದ ಪ್ರಾರ್ಥನೆ ಅಲ್ಲ, ಊರಿನ ಅರ್ಧ ಜೀವ. ಹಾಗಾಗಿ ಇದು ಸಣ್ಣ ಬೆಂಬಲ ಆಗಿರಲಿಲ್ಲ.

ಕೊನೆಗೆ 2013ರ ಆರಂಭದಲ್ಲಿ ಸಾಲೊಮನ್ ದ್ವೀಪಗಳು, ನೌರು, ಟುವಾಲು ಸೇರಿ ನಿರ್ಣಯದ ಕರಡು ಮಂಡಿಸಿದವು. ಸಮೋವಾ, ವನುವಾಟು, ಪೂರ್ವ ಟಿಮೋರ್ ಕೈಜೋಡಿಸಿದವು. ಇವುಗಳಲ್ಲಿ ಹೆಚ್ಚಿನವು ನಿನ್ನೆ ಮೊನ್ನೆವರೆಗೆ ಯಾರದೋ ವಸಾಹತುಗಳೇ. ವನುವಾಟುವನ್ನಂತೂ ಬ್ರಿಟನ್ ಮತ್ತು ಫ್ರಾನ್ಸ್ ಒಟ್ಟಿಗೆ ಆಳುತ್ತಿದ್ದವು. ನಿರ್ಣಯ ಪಾಸಾದಾಗ ಅಮೆರಿಕ, ಬ್ರಿಟನ್, ಜರ್ಮನಿ, ನೆದರ್‌ಲ್ಯಾಂಡ್ಸ್ ‘ನಾವು ಇದರ ಜೊತೆ ಇಲ್ಲ’ ಅಂದವು. ಆದರೆ ಮತಕ್ಕೆ ಹಾಕಿ ಅನ್ನುವ ಧೈರ್ಯ ಯಾರೂ ಮಾಡಲಿಲ್ಲ. ವಸಾಹತುಶಾಹಿ ಪರ ಕೈ ಎತ್ತಿದ ಫೋಟೊ ಯಾರಿಗೂ ಬೇಡ.

ಹಾಗಾದರೆ 46–10?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜನರೇ ಆರಿಸಿದ ಸಭೆ ಬೇಡ ಅಂದ ಮೇಲೆ ಹೊರಗಿನವರಿಗೆ ಏನು ಕೆಲಸ? ಫ್ರಾನ್ಸ್‌ನ ವಾದ ಇದೇ. ಅದನ್ನು ತಳ್ಳಿಹಾಕುವುದು ಸುಲಭ ಅಲ್ಲ. ಅಲ್ಲಿನವರು ಫ್ರಾನ್ಸ್ ಪ್ರಜೆಗಳು. ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುತ್ತಾರೆ. ಪ್ಯಾರಿಸ್‌ಗೆ ಮೂವರು ಸಂಸದರನ್ನೂ ಇಬ್ಬರು ಸೆನೆಟರ್‌ಗಳನ್ನೂ ಕಳಿಸುತ್ತಾರೆ. ತಮ್ಮದೇ 57 ಸದಸ್ಯರ ಶಾಸನಸಭೆ ಇದೆ. ಶಾಲೆ, ಆಸ್ಪತ್ರೆ, ಸಂಬಳ ಎಲ್ಲದಕ್ಕೂ ಫ್ರಾನ್ಸ್ ಹಣ ಬರುತ್ತದೆ. ಇನ್ನೊಂದು ಕಡೆ ಸೇನೆ, ಪೊಲೀಸ್, ನ್ಯಾಯಾಲಯ, ವಿದೇಶ ವ್ಯವಹಾರ ಪ್ಯಾರಿಸ್ ಕೈಯಲ್ಲೇ. ಪಪೀಟೆಯಲ್ಲಿ ಕೂರುವ ಹೈಕಮಿಷನರ್‌ರನ್ನು ನೇಮಿಸುವುದೂ ಪ್ಯಾರಿಸ್.

ಮತಗಳ ಲೆಕ್ಕವನ್ನು ಇನ್ನೂ ಹತ್ತಿರದಿಂದ ನೋಡಬೇಕು. 2013ರ ಚುನಾವಣೆಯಲ್ಲಿ ಫ್ಲೋಸ್ ಪಕ್ಷಕ್ಕೆ ಸಿಕ್ಕಿದ್ದು ಸುಮಾರು 45% ಮತ. ಸೀಟು 57ರಲ್ಲಿ 38. ಮೊದಲು ಬಂದವರಿಗೆ ಮೂರನೇ ಒಂದು ಭಾಗ ಸೀಟುಗಳನ್ನು ಬೋನಸ್ ಕೊಡುವ ನಿಯಮ ಅಲ್ಲಿದೆ. ಸರ್ಕಾರಗಳು ಪದೇ ಪದೇ ಬೀಳುತ್ತಿದ್ದವು ಅಂತ ಈ ನಿಯಮ ಬಂತು. ಬರೆದದ್ದು ಪ್ಯಾರಿಸ್‌ನ ಸಂಸತ್ತು. ಈಗ 2023ಕ್ಕೆ ಬನ್ನಿ. ತೆಮಾರು ಅವರ ತಾವಿನಿ ಪಕ್ಷ ಗೆದ್ದಿತು. ಮತ ಸುಮಾರು 44%. ಸೀಟು? ಮತ್ತೆ ಅದೇ 38! ಹತ್ತು ವರ್ಷದ ಅಂತರದಲ್ಲಿ ಅದೇ ಸಭೆ, ಅಷ್ಟೇ ಸೀಟು, ತದ್ವಿರುದ್ಧ ಮಾತು.

ಹಾಗಾಗಿ 2013ರ 46–10 ನೋಡಿ ‘ಜನಕ್ಕೆ ಸ್ವಾತಂತ್ರ್ಯ ಬೇಡ’ ಅನ್ನುವುದೂ ತಪ್ಪು, 2023ರ ಗೆಲುವು ನೋಡಿ ‘ಬೇಕು’ ಅನ್ನುವುದೂ ತಪ್ಪು. ಚುನಾವಣೆಯಲ್ಲಿ ಜನ ಬೆಲೆ ಏರಿಕೆಗೆ, ಕೆಲಸಕ್ಕೆ, ಹಳೆಯ ಮುಖಗಳ ಮೇಲಿನ ಬೇಸರಕ್ಕೆ ಮತ ಹಾಕುತ್ತಾರೆ. ಪಟ್ಟಿ ಕೇಳುವುದು ಬೇರೆ ಪ್ರಶ್ನೆ: ಮೂರು ದಾರಿಗಳಲ್ಲಿ ನಿಮಗೆ ಯಾವುದು? ಈ ಪ್ರಶ್ನೆಯನ್ನು ನೇರವಾಗಿ, ಬೆದರಿಕೆ ಇಲ್ಲದೆ, ಆ ಜನರ ಮುಂದೆ ಇಟ್ಟಿದ್ದೇ ಇಲ್ಲ. ಪಟ್ಟಿಗೆ ಹಾಕಿ ಅನ್ನುವುದು ಸ್ವಾತಂತ್ರ್ಯ ಕೊಡಿ ಅಂದ ಹಾಗಲ್ಲ. ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಿ ಅಂದ ಹಾಗೆ. ನನಗಂತೂ ತೆಮಾರು ಅವರ ವಾದದ ಈ ಭಾಗ ಸರಿ ಅನಿಸುತ್ತದೆ, ಅವರ ರಾಜಕೀಯ ಒಪ್ಪದವರಿಗೂ ಹಾಗೆ ಅನಿಸಬೇಕು.

ಕೇಳುವುದೂ ಸಲೀಸಲ್ಲ. ನ್ಯೂ ಕ್ಯಾಲಿಡೋನಿಯಾದಲ್ಲಿ ಫ್ರಾನ್ಸ್ ಒಪ್ಪಂದಕ್ಕೆ ಬಂದು 2018, 2020, 2021ರಲ್ಲಿ ಮೂರು ಸಲ ಜನಮತ ಕೇಳಿತು. ಮೊದಲ ಎರಡು ಸಲ ಸ್ವಾತಂತ್ರ್ಯದ ಪರ ಇದ್ದವರು ಕಡಿಮೆ ಅಂತರದಲ್ಲಿ ಸೋತರು. ಮೂರನೆಯದನ್ನು ಬಹಿಷ್ಕರಿಸಿದರು. ಯಾರಿಗೆಲ್ಲ ಮತದ ಹಕ್ಕು ಇರಬೇಕು ಅನ್ನುವ ಜಗಳ 2024ರ ಮೇ ತಿಂಗಳಲ್ಲಿ ದಂಗೆಯಾಗಿ ಹೊತ್ತಿಕೊಂಡಿತು.

ಪಟ್ಟಿಗೆ ಸೇರಿ ಸಿಕ್ಕಿದ್ದೇನು?

ಕೈಗೆ ಸಿಕ್ಕಿದ್ದು ಕಡಿಮೆ. ಮಹಾಸಭೆಯ ನಿರ್ಣಯಕ್ಕೆ ಸೇನೆ ಇಲ್ಲ, ದಂಡ ಇಲ್ಲ. ‘ನಮ್ಮ ಒಳವಿಷಯದಲ್ಲಿ ಮೂಗು ತೂರಿಸಬೇಡಿ’ ಅಂತ ಫ್ರಾನ್ಸ್ ಮಾಹಿತಿಯನ್ನೇ ಕೊಡಲಿಲ್ಲ. ಹತ್ತು ವರ್ಷ ಪಾಲಿನೇಷ್ಯಾ ವಿಷಯ ಬಂದಾಗೆಲ್ಲ ಅದರ ಕುರ್ಚಿ ಖಾಲಿ. ವಿಶ್ವಸಂಸ್ಥೆಯ ಸಿಬ್ಬಂದಿಯೇ ಸಿಕ್ಕ ಮಾಹಿತಿ ಕೂಡಿಸಿ ವರದಿ ಬರೆಯಬೇಕಾಯಿತು.

ಆದರೆ ಒಂದು ಬಾಗಿಲು ತೆರೆಯಿತು. ಪ್ರತಿ ಅಕ್ಟೋಬರ್‌ನಲ್ಲಿ ಮಹಾಸಭೆಯ ನಾಲ್ಕನೇ ಸಮಿತಿ ಪಟ್ಟಿಯಲ್ಲಿರುವ ಪ್ರದೇಶಗಳ ಬಗ್ಗೆ ಕೂತು ಕೇಳುತ್ತದೆ. ಅಲ್ಲಿ ಸಾಮಾನ್ಯ ಜನ ಕೂಡ ಅರ್ಜಿ ಹಾಕಿ ಕೆಲವೇ ನಿಮಿಷ ಮಾತಾಡಬಹುದು. ದೇಶ ಆಗಿರಬೇಕಿಲ್ಲ. ಬಾಂಬ್ ಪರೀಕ್ಷೆಯ ನಂತರದ ಕಾಯಿಲೆಗಳ ಬಗ್ಗೆ, ಮೀನು ಹಿಡಿಯುವ ಸಮುದ್ರದ ಬಗ್ಗೆ, ಭಾಷೆಯ ಬಗ್ಗೆ ಮಾತಾಡಿದವರು ಇದ್ದಾರೆ. ತಮಾಷೆ ಅಂದರೆ, 2016ರಲ್ಲಿ ಆಗಿನ ಅಧ್ಯಕ್ಷ ಎಡ್ವರ್ಡ್ ಫ್ರಿಚ್ ಅದೇ ಜಾಗಕ್ಕೆ ಹೋಗಿ ‘ನಾವು ವಸಾಹತು ಅಲ್ಲ’ ಅಂದರು. ಬೇಡ ಅನ್ನುವುದಕ್ಕೂ ಆ ವೇದಿಕೆಯೇ ಬೇಕಾಯಿತು ನೋಡಿ. 2018ರಲ್ಲಿ ತೆಮಾರು ನ್ಯೂಯಾರ್ಕ್‌ನಲ್ಲೇ ನಿಂತು, ಬಾಂಬ್ ಪರೀಕ್ಷೆಗಳ ವಿಷಯದಲ್ಲಿ ಆಗ ಬದುಕಿದ್ದ ಎಲ್ಲ ಫ್ರಾನ್ಸ್ ಅಧ್ಯಕ್ಷರ ಮೇಲೆ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ದೂರು ಕೊಟ್ಟಿದ್ದೇವೆ ಅಂತ ಘೋಷಿಸಿದರು. 2021ರಲ್ಲಿ ತಾಹಿತಿಗೆ ಬಂದ ಅಧ್ಯಕ್ಷ ಮ್ಯಾಕ್ರೋನ್, ಈ ಪರೀಕ್ಷೆಗಳ ವಿಷಯದಲ್ಲಿ ಫ್ರಾನ್ಸ್ ಪಾಲಿನೇಷ್ಯಾಕ್ಕೆ ಋಣಿ ಅಂದರು. ಕ್ಷಮೆ ಮಾತ್ರ ಕೇಳಲಿಲ್ಲ.

2023ರ ಮೇ ತಿಂಗಳಲ್ಲಿ ತಾವಿನಿ ಪಕ್ಷದ ಮೊಯೆತಾಯ್ ಬ್ರದರ್‌ಸನ್ ಅಧ್ಯಕ್ಷರಾದರು. ಸ್ವಾತಂತ್ರ್ಯ ನಾಳೆಯೇ ಅಲ್ಲ, ಅದಕ್ಕೆ ಹತ್ತು ಹದಿನೈದು ವರ್ಷ ಬೇಕು ಅನ್ನುವುದು ಅವರ ನಿಲುವು. ಆ ಅಕ್ಟೋಬರ್‌ನಲ್ಲಿ ನಾಲ್ಕನೇ ಸಮಿತಿ ಸೇರಿದಾಗ, 2013ರಿಂದ ಖಾಲಿ ಇದ್ದ ಕುರ್ಚಿಯಲ್ಲಿ ಫ್ರಾನ್ಸ್ ರಾಯಭಾರಿ ಕೂತಿದ್ದರು. ಪಾಲಿನೇಷ್ಯಾ ವಿಷಯದಲ್ಲಿ ವಿಶ್ವಸಂಸ್ಥೆಗೆ ಯಾವ ಪಾತ್ರವೂ ಇಲ್ಲ ಅಂತ ಹೇಳಲು ಬಂದಿದ್ದರು.